ಹಳೆಯ ನಾಣ್ಯಗಳ ಸಂಗ್ರಹ: ಹವ್ಯಾಸವೋ, ವ್ಯಾಮೋಹವೋ?

ತಿನ್ನಲು, ಉಡಲು, ಹೊದೆಯಲು ಬಾರದ ವಸ್ತುಗಳನ್ನು ಕೂಡಿಟ್ಟು, ಆಗಾಗ ಪೆಟ್ಟಿಗೆ ತೆರೆದು ನೋಡಿ ಸಂತೋಷಪಡುವ ಗುಣ ಮನುಷ್ಯನಲ್ಲಿ ಬಹಳ ಹಿಂದಿನಿಂದಲೂ ಇದೆ. ಒಂದು ಕಾಲದಲ್ಲಿ ನಮ್ಮ ಊರುಗಳ ಮಕ್ಕಳು ಬೆಂಕಿಪೊಟ್ಟಣದ ಚೀಟಿಗಳನ್ನು ಕೂಡಿಡುತ್ತಿದ್ದರು. ಆಮೇಲೆ ಬಬಲ್ ಗಮ್ ಪೊಟ್ಟಣಗಳಲ್ಲಿ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳು ಬಂದವು. ಮಕ್ಕಳು ಅವುಗಳನ್ನು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಂಡರು. ದೊಡ್ಡವರು ಅಂಚೆಚೀಟಿ, ಹಳೆಯ ನೋಟು, ಹಳೆಯ ನಾಣ್ಯಗಳನ್ನು ಕೂಡಿಟ್ಟರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮನೆಗಳಲ್ಲಿ ಅಜ್ಜಿಯ ಕಾಲದ ಟ್ರಂಕನ್ನು ತೆರೆದರೆ ಬಟ್ಟೆಯ ಗಂಟೊಂದರಲ್ಲಿ ನಾಲ್ಕಾರು ಬೆಳ್ಳಿಯ ರೂಪಾಯಿಗಳು, ಒಂದಷ್ಟು ತಾಮ್ರದ ಕಾಸುಗಳು ಸಿಗುವುದು ಅಪರೂಪವೇನಲ್ಲ.

ಇದರಲ್ಲಿ ತಪ್ಪೇನಿದೆ ಎಂದು ಕೆಲವರು ಕೇಳುತ್ತಾರೆ. ಇದೆಲ್ಲ ದುಂದುವೆಚ್ಚ, ಸತ್ಯವಿಶ್ವಾಸಿಗೆ ತಕ್ಕುದಲ್ಲ ಎಂದು ಇನ್ನು ಕೆಲವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಈ ಎರಡೂ ಉತ್ತರಗಳು ಅವಸರದವು. ನಿಷೇಧಿಸಲ್ಪಡದ ವಸ್ತು ಮೂಲತಃ ಅನುಮತಿಸಲ್ಪಟ್ಟದ್ದು ಎಂಬುದು ನಮ್ಮ ವಿದ್ವಾಂಸರು ಒಪ್ಪಿದ ತತ್ವ. ಆದ್ದರಿಂದ ನಾಣ್ಯವನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಗಿಂತ, ಅದನ್ನು ಇಟ್ಟುಕೊಂಡ ಮನಸ್ಸಿಗೆ ಏನಾಗುತ್ತದೆ ಎಂಬ ಪ್ರಶ್ನೆಯೇ ಹೆಚ್ಚು ಮುಖ್ಯವಾದುದು. ಅದನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸೋಣ.

ಒಂದು ಕಾಸಿನೊಳಗಿನ ಊರು

ಮೊದಲು ಈ ಹವ್ಯಾಸದ ಒಳ್ಳೆಯ ಮುಖವನ್ನು ನೋಡೋಣ. ಟಿಪ್ಪು ಸುಲ್ತಾನರ ತಾಮ್ರದ ಪೈಸೆಯ ಒಂದು ಬದಿಯಲ್ಲಿ ಆನೆಯ ಚಿತ್ರವಿರುತ್ತದೆ. ಇನ್ನೊಂದು ಬದಿಯಲ್ಲಿ ಅದು ತಯಾರಾದ ಟಂಕಸಾಲೆಯ ಹೆಸರನ್ನು ಫಾರ್ಸಿ ಲಿಪಿಯಲ್ಲಿ ಬರೆಯಲಾಗಿರುತ್ತದೆ. ಅಂತಹ ಕೆಲವು ನಾಣ್ಯಗಳ ಮೇಲೆ ‘ಫರ್ರುಖ್‌ಯಾಬ್ ಹಿಸಾರ್’ ಎಂಬ ಹೆಸರಿದೆ. ಹಿಸಾರ್ ಎಂದರೆ ಕೋಟೆ. ಆ ಕೋಟೆ ಬೇರಾವುದೂ ಅಲ್ಲ, ನಮ್ಮ ಚಿತ್ರದುರ್ಗವೇ. 1779ರಲ್ಲಿ ಮದಕರಿ ನಾಯಕರಿಂದ ದುರ್ಗವು ಹೈದರ್ ಅಲಿಯ ವಶವಾಯಿತು. ಆ ಬಳಿಕ ಟಿಪ್ಪುವಿನ ಆಳ್ವಿಕೆಯಲ್ಲಿ ಇಲ್ಲಿಯೂ ನಾಣ್ಯಗಳು ಅಚ್ಚಾದವು. ಉರ್ದು ಓದಲು ಬರುವ ನಮ್ಮ ಮನೆಯ ಹುಡುಗನೊಬ್ಬ ಆ ಕಾಸನ್ನು ಕೈಯಲ್ಲಿ ಹಿಡಿದು, ಸವೆದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ತನ್ನ ಊರಿನ ಹಳೆಯ ಹೆಸರನ್ನು ಓದಬಲ್ಲನು. ಇಂತಹ ಪಾಠ ಬೇರೆ ಯಾವ ಪುಸ್ತಕದಿಂದ ಸಿಕ್ಕೀತು?

ಇಸವಿಯನ್ನು ನೋಡಿದರೆ ಇನ್ನೊಂದು ಪಾಠವಿದೆ. 1787ರಿಂದ ಟಿಪ್ಪು ಮೌಲೂದಿ ಎಂಬ ಹೊಸ ವರ್ಷಗಣನೆಯನ್ನು ನಾಣ್ಯಗಳ ಮೇಲೆ ತಂದರು. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದವನು ಎಡದಿಂದ ಬಲಕ್ಕೆ ಓದಿ, ಇಲ್ಲದ ಇಸವಿಯನ್ನು ಹೇಳಿಬಿಡುತ್ತಾನೆ. ನಾಣ್ಯಗಳ ಹೆಸರುಗಳೂ ಅರ್ಥಪೂರ್ಣವಾದವು. ಚಿನ್ನದ ದೊಡ್ಡ ನಾಣ್ಯಕ್ಕೆ ಅಹ್ಮದಿ, ಅದರ ಅರ್ಧಕ್ಕೆ ಸಿದ್ದೀಖಿ, ಅದರರ್ಧಕ್ಕೆ ಫಾರೂಖಿ, ಬೆಳ್ಳಿಯ ಎರಡು ರೂಪಾಯಿಗೆ ಹೈದರಿ, ತಾಮ್ರದ ಎರಡು ಪೈಸೆಗೆ ಉಸ್ಮಾನಿ. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಹೆಂಡರ್ಸನ್ ಎಂಬವರು ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಕುರಿತು 1921ರಲ್ಲಿಯೇ ಒಂದು ಪುಸ್ತಕವನ್ನು ಪ್ರಕಟಿಸಿದ್ದಾರೆ. ಒಬ್ಬ ವಿದೇಶೀಯನು ನಮ್ಮ ಕಾಸುಗಳನ್ನು ಅಷ್ಟು ಶ್ರದ್ಧೆಯಿಂದ ಓದಿದನು. ನಾವಾದರೋ ಅವುಗಳನ್ನು ತೂಕಕ್ಕೆ ಹಾಕಿ ಮಾರುತ್ತೇವೆ.

ಮೂರ್ತಿಗಳೋ ರಾಜರ ಮುಖವೋ ಇರುವ ನಾಣ್ಯಗಳನ್ನು ಮನೆಯಲ್ಲಿಡಬಹುದೇ ಎಂಬ ಸಂಶಯ ಕೆಲವರಿಗಿದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿಯು ಅಲ್ಲಿ ರೂಢಿಯಲ್ಲಿದ್ದ ಶಿವ-ಪಾರ್ವತಿಯರ ಚಿತ್ರವಿರುವ ಚಿನ್ನದ ನಾಣ್ಯವನ್ನೇ ಮುಂದುವರಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಹಾಕಿಸಿದನು. ಜನರ ಕೈಗೆ ಪರಿಚಿತವಾಗಿದ್ದ, ಜನರು ನಂಬಿದ್ದ ನಾಣ್ಯವನ್ನು ಅವನು ಕೆಡಿಸಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಪ್ರವಾದಿವರ್ಯರ(ಸ) ಕಾಲದ ಅರೇಬಿಯಾದಲ್ಲಿ ಚಲಾವಣೆಯಲ್ಲಿದ್ದುದು ರೋಮನ್ನರ ದೀನಾರ್ ಮತ್ತು ಪಾರಸಿಕರ ದಿರ್ಹಮ್. ಎರಡರ ಮೇಲೂ ಅರಸರ ಚಿತ್ರಗಳಿದ್ದವು. ಚಿತ್ರವಿಲ್ಲದೆ ಬರಹವನ್ನು ಮಾತ್ರ ಹೊಂದಿದ ದೀನಾರ್ ಬಂದುದು ಖಲೀಫ ಅಬ್ದುಲ್ ಮಲಿಕರ ಕಾಲದಲ್ಲಿ, ಹಿಜರಿ 77ರಲ್ಲಿ. ಆರಾಧನೆಗಾಗಿ ಇಟ್ಟುಕೊಂಡ ವಸ್ತು ಬೇರೆ, ಲೇವಾದೇವಿಗೋ ಅರಿವಿಗೋ ಇಟ್ಟುಕೊಂಡ ನಾಣ್ಯ ಬೇರೆ.

ಬೆಲೆ ಎಲ್ಲಿಂದ ಬರುತ್ತದೆ?

ಇಲ್ಲಿಯವರೆಗೆ ಎಲ್ಲವೂ ಸರಿಯೇ. ಆದರೆ ಅರಿವಿಗಾಗಿ ಪ್ರಾರಂಭವಾದ ಸಂಗ್ರಹದೊಳಗೆ ಬೆಲೆ ಎಂಬುದು ಮೆಲ್ಲನೆ ಪ್ರವೇಶಿಸುತ್ತದೆ. ಈ ಬೆಲೆ ಎಲ್ಲಿಂದ ಬರುತ್ತದೆ?

ಅಕ್ಕಿಯ ಬೆಲೆ ಅದು ತುಂಬುವ ಹೊಟ್ಟೆಯಿಂದ ಬರುತ್ತದೆ. ಬೆಳ್ಳಿಯ ಬೆಲೆ ಬಹಳ ಮಟ್ಟಿಗೆ ಅದರ ತೂಕದಿಂದ ಬರುತ್ತದೆ. ಅಪರೂಪದ ನಾಣ್ಯದ ಬೆಲೆ ಮಾತ್ರ ವಿಚಿತ್ರ. ಅದು ‘ನನ್ನ ಬಳಿ ಇದೆ, ಬೇರೆಯವರ ಬಳಿ ಇಲ್ಲ’ ಎಂಬ ಒಂದೇ ಸಂಗತಿಯ ಮೇಲೆ ನಿಂತಿದೆ. ಟಿಪ್ಪುವಿನ ಆನೆ ಪೈಸೆಗಳು ಬೇಕಾದಷ್ಟು ಅಚ್ಚಾದುದರಿಂದ ಸಾಧಾರಣ ಸ್ಥಿತಿಯವು ಇಂದಿಗೂ ಕಡಿಮೆ ಹಣಕ್ಕೆ ಸಿಗುತ್ತವೆ. ಅದೇ ಅರಸನ, ಅದೇ ಲೋಹದ, ಆದರೆ ಕೆಲವೇ ಉಳಿದಿರುವ ಇಸವಿಯ ನಾಣ್ಯಕ್ಕೆ ಅನೇಕ ಪಟ್ಟು ಹೆಚ್ಚು ಬೆಲೆ. ಕಾಸಿನಲ್ಲಿ ಹೆಚ್ಚಾದುದು ಏನೂ ಇಲ್ಲ. ಲೋಕದಲ್ಲಿ ಅಂಥವು ಕಡಿಮೆಯಾಗಿವೆ, ಅಷ್ಟೇ.

ಇದರ ಅತಿರೇಕವನ್ನು ನೋಡಬೇಕಾದರೆ ಅಮೆರಿಕದ ಕಡೆ ಒಮ್ಮೆ ದೃಷ್ಟಿ ಹಾಯಿಸಬೇಕು. ನಮ್ಮಲ್ಲಿ ಕ್ರಿಕೆಟ್ ಇರುವಂತೆ ಅಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. 1909ರಿಂದ 1911ರವರೆಗೆ ಅಲ್ಲಿನ ಒಂದು ತಂಬಾಕು ಕಂಪೆನಿಯು ಸಿಗರೇಟು ಪೊಟ್ಟಣಗಳಲ್ಲಿ ಆಟಗಾರರ ಚಿತ್ರವಿರುವ ಪುಟ್ಟ ರಟ್ಟಿನ ಕಾರ್ಡುಗಳನ್ನು ಹಾಕುತ್ತಿತ್ತು. ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು ಬೇಗನೆ ನಿಂತುಹೋದ ಕಾರಣ ಕೆಲವು ಹತ್ತುಗಳಷ್ಟು ಮಾತ್ರ ಉಳಿದುಕೊಂಡವು. ಅಂತಹ ಒಂದು ಕಾರ್ಡು 2022ರಲ್ಲಿ 72 ಲಕ್ಷ 50 ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಅದೇ ವರ್ಷ ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಕಾರ್ಡೊಂದು 1 ಕೋಟಿ 26 ಲಕ್ಷ ಡಾಲರುಗಳಿಗೆ, ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿಗಳಿಗೆ ಹೋಯಿತು. ಈ ಎರಡನೆಯ ಕಾರ್ಡಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಆ ವರ್ಷ ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಕಟ್ಟುಗಳನ್ನು 1960ರ ಸುಮಾರಿಗೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆವೆಂದು ಕಂಪೆನಿಯ ಅಧಿಕಾರಿಯೇ ಹೇಳಿದ್ದನು. ಸಮುದ್ರದ ಪಾಲಾದ ಕಸವು ದಡದಲ್ಲಿ ಉಳಿದುದನ್ನು ಐಶ್ವರ್ಯವನ್ನಾಗಿಸಿತು.

ಇದನ್ನು ಕಂಡ ಜನರು ಸುಮ್ಮನಿರಲಿಲ್ಲ. 1980ರ ದಶಕದ ಕೊನೆ ಮತ್ತು 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ತಂದೆ-ತಾಯಿಯರು ಮಕ್ಕಳ ಭವಿಷ್ಯಕ್ಕೆಂದು ಹೊಸ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ಅಟ್ಟದ ಮೇಲೆ ಜೋಪಾನವಾಗಿಟ್ಟರು. ಕಂಪೆನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಎಲ್ಲರೂ ಜೋಪಾನವಾಗಿ ಇಟ್ಟುದರಿಂದ ಯಾವುದೂ ಅಪರೂಪವಾಗಲಿಲ್ಲ. ಅವುಗಳಲ್ಲಿ ಬಹುಪಾಲು ಇಂದು ರದ್ದಿ ಕಾಗದಕ್ಕೆ ಸಮ. ಬೆಲೆಯನ್ನೇ ಗುರಿಯಾಗಿಟ್ಟು ಕೂಡಿಟ್ಟವರಿಗೆ ಬೆಲೆಯೇ ಸಿಗಲಿಲ್ಲ.

ಈಗ ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟುಕೊಳ್ಳೋಣ. ಒಂದು ಬಗೆಯ ನಾಣ್ಯ ಲೋಕದಲ್ಲಿ ಎರಡೇ ಉಳಿದಿವೆ ಎಂದು ಭಾವಿಸಿರಿ. ಒಬ್ಬ ಧನಿಕನು ಎರಡನ್ನೂ ಕೊಂಡು, ಒಂದನ್ನು ಕುಲುಮೆಗೆ ಹಾಕಿ ಕರಗಿಸುತ್ತಾನೆ. ಉಳಿದ ಒಂದಕ್ಕೆ ಎರಡರ ಬೆಲೆಗಿಂತಲೂ ಹೆಚ್ಚು ಬೆಲೆ ಬರುತ್ತದೆ. ಈ ಮನುಷ್ಯನು ಹಿಂದಿಗಿಂತ ಶ್ರೀಮಂತನಾದನು, ಲೋಕವು ಹಿಂದಿಗಿಂತ ಬಡವಾಯಿತು. ಬೆಲೆ ಏರಿಕೆಯ ಆಸೆಯಿಂದ ಧಾನ್ಯವನ್ನು ಬಚ್ಚಿಡುವವನನ್ನು ಪ್ರವಾದಿವರ್ಯರು(ಸ) ಪಾಪಿಯೆಂದು ಪರಿಗಣಿಸಿದ್ದಾರೆ. ನಾಣ್ಯವು ಧಾನ್ಯವಲ್ಲ, ಅದಿಲ್ಲದೆ ಯಾರೂ ಹಸಿದು ಸಾಯುವುದಿಲ್ಲ ಎಂಬುದು ನಿಜ. ಆದರೆ ಇಬ್ಬರ ಮನಸ್ಸಿನೊಳಗಿನ ಸಂಕಟ ಒಂದೇ. ಇತರರ ಇಲ್ಲದಿರುವಿಕೆಯೇ ಇಬ್ಬರಿಗೂ ಬಂಡವಾಳ.

ಇಲ್ಲಿಯೇ ಹವ್ಯಾಸವನ್ನೂ ವ್ಯಾಮೋಹವನ್ನೂ ಬೇರ್ಪಡಿಸುವ ಒಂದು ಪರೀಕ್ಷೆ ನಮಗೆ ದೊರೆಯುತ್ತದೆ. ನಿಮ್ಮ ಬಳಿಯಿರುವ ಅಪರೂಪದ ನಾಣ್ಯವೇ ನೆರೆಮನೆಯವನಿಗೂ ಸಿಕ್ಕಿತೆಂಬ ಸುದ್ದಿ ಬಂದಾಗ ನಿಮಗೆ ಏನೆನಿಸುತ್ತದೆ? ‘ಬನ್ನಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ, ನನ್ನದರಲ್ಲಿ ಸವೆದ ಅಕ್ಷರ ನಿಮ್ಮದರಲ್ಲಿ ಉಳಿದಿರಬಹುದು’ ಎಂದು ಸಂತೋಷಪಟ್ಟರೆ ನೀವು ನಾಣ್ಯವನ್ನು ಪ್ರೀತಿಸುತ್ತಿದ್ದೀರಿ. ಎದೆಯೊಳಗೆ ಏನೋ ಚುಚ್ಚಿದಂತಾದರೆ, ನೀವು ಪ್ರೀತಿಸುತ್ತಿದ್ದುದು ನೆರೆಯವನ ಬಳಿ ಇಲ್ಲದಿದ್ದುದನ್ನು. ಅದಕ್ಕೆ ನಮ್ಮ ಭಾಷೆಯಲ್ಲಿ ಅಸೂಯೆ ಎಂಬ ಹಳೆಯ ಹೆಸರಿದೆ. ಈ ಪರೀಕ್ಷೆಗೆ ಬೇರೊಬ್ಬ ಪರೀಕ್ಷಕ ಬೇಕಾಗಿಲ್ಲ. ಪ್ರತಿಯೊಬ್ಬನೂ ತನ್ನ ಎದೆಯ ಮೇಲೆ ಕೈಯಿಟ್ಟು ತಾನೇ ಉತ್ತರಿಸಬಹುದು.

786ರ ನೋಟು

ಬೆಲೆಯ ಈ ಆಸೆ ಬಡವರ ಮನೆಗೂ ನುಗ್ಗಿದೆ. ನೋಟಿನ ಸಂಖ್ಯೆಯಲ್ಲಿ 786 ಬಂದರೆ ಅದನ್ನು ಖರ್ಚು ಮಾಡದೆ ಬರ್ಕತ್ತಿಗೆಂದು ಪರ್ಸಿನಲ್ಲಿಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಬಿಸ್ಮಿಲ್ಲಾಹ್‌ನ ಅಕ್ಷರಗಳಿಗೆ ಅಬ್ಜದ್ ಲೆಕ್ಕದಂತೆ ಅಂಕಿಗಳನ್ನು ಕೊಟ್ಟು ಕೂಡಿಸಿದರೆ 786 ಬರುತ್ತದೆ ಎಂಬುದಷ್ಟೇ ಇದರ ಮೂಲ. ಪವಿತ್ರ ಕುರ್‌ಆನ್ ಆಗಲಿ, ಪ್ರವಾದಿಚರ್ಯೆಯಾಗಲಿ ಈ ಅಂಕಿಗೆ ಯಾವ ಸ್ಥಾನವನ್ನೂ ಕೊಟ್ಟಿಲ್ಲ. ಬಿಸ್ಮಿಲ್ಲಾಹ್ ಹೇಳುವುದರಲ್ಲಿ ಬರ್ಕತ್ತಿದೆ. ಅದರ ಮೊತ್ತವನ್ನು ಜೇಬಿನಲ್ಲಿಟ್ಟುಕೊಳ್ಳುವುದರಲ್ಲಿ ಇದೆ ಎನ್ನಲು ಆಧಾರವಿಲ್ಲ.

ಇಂದು ಈ ಮುಗ್ಧ ನಂಬಿಕೆಯ ಮೇಲೆ ವಂಚಕರು ಬಲೆ ಬೀಸಿದ್ದಾರೆ. ‘786 ಸಂಖ್ಯೆಯ ನೋಟಿಗೆ ಲಕ್ಷಗಟ್ಟಲೆ ಹಣ’, ‘ಹಳೆಯ ಐದು ರೂಪಾಯಿ ಕೊಡಿ, ಲಕ್ಷಾಧೀಶರಾಗಿ’ ಎಂಬ ಜಾಹೀರಾತುಗಳು ಮೊಬೈಲಿನಲ್ಲಿ ತಿರುಗಾಡುತ್ತಿವೆ. ಹೊಳಲ್ಕೆರೆಯ ಒಬ್ಬ ಗಾರೆ ಕೆಲಸದವನನ್ನು ಊಹಿಸಿಕೊಳ್ಳಿರಿ. ಮಗಳ ಮದುವೆ ಹತ್ತಿರ ಬಂದಿದೆ, ಕೈಯಲ್ಲಿ ಹಣವಿಲ್ಲ, ಪರ್ಸಿನಲ್ಲಿ 786ರ ನೋಟೊಂದಿದೆ. ಅವನು ಆ ನಂಬರಿಗೆ ಕರೆ ಮಾಡುತ್ತಾನೆ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, ನೋಟಿನ ಫೋಟೋ ತರಿಸಿಕೊಂಡು, ‘ನಿಮಗೆ ಮೂರು ಲಕ್ಷ ಮಂಜೂರಾಗಿದೆ’ ಎನ್ನುತ್ತಾನೆ. ಮೊದಲು ನೋಂದಣಿಗೆ ಸ್ವಲ್ಪ, ಆಮೇಲೆ ತೆರಿಗೆಗೆ ಸ್ವಲ್ಪ, ಬಳಿಕ ರಿಸರ್ವ್ ಬ್ಯಾಂಕಿನ ಕಮಿಷನ್ ಎಂದು ಇನ್ನಷ್ಟು. ಕೂಲಿಯವನು ಸಾಲ ಮಾಡಿ ಕಳುಹಿಸುತ್ತಾನೆ. ಕೊನೆಗೆ ಆ ನಂಬರೇ ಸದ್ದಿಲ್ಲದಾಗುತ್ತದೆ. ನೋಟು ಅವನ ಬಳಿಯೇ ಉಳಿಯುತ್ತದೆ. ಮದುವೆಗೆಂದು ಕೂಡಿಟ್ಟದ್ದು ಹೋಗುತ್ತದೆ.

ಇದು ಎಷ್ಟು ಹಬ್ಬಿತೆಂದರೆ, 2021ರ ಆಗಸ್ಟಿನಲ್ಲಿ ಸ್ವತಃ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಬೇಕಾಯಿತು. ಹಳೆಯ ನೋಟು-ನಾಣ್ಯಗಳ ಕೊಡುಕೊಳ್ಳುವಿಕೆಯಲ್ಲಿ ತಾನು ತೊಡಗಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕಮಿಷನನ್ನೂ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ವಸೂಲಿ ಮಾಡುವ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ ಎಂದು ಅದು ಸ್ಪಷ್ಟಪಡಿಸಿತು. ಮಾರುವವನೇ ಮೊದಲು ಹಣ ಕೊಡಬೇಕಾದ ವ್ಯಾಪಾರ ಲೋಕದಲ್ಲಿ ಎಲ್ಲಿಯೂ ಇಲ್ಲ ಎಂಬ ಈ ಒಂದು ಮಾತನ್ನು ಪ್ರತಿಯೊಂದು ಮನೆಯಲ್ಲೂ ಹೇಳಿಕೊಡಬೇಕಾಗಿದೆ. ಮೋಸ ಮಾಡಿದವನು ಅಪರಾಧಿಯೇ, ಸಂಶಯವಿಲ್ಲ. ಆದರೆ ಅವನ ಗಾಳಕ್ಕೆ ಎರೆಯಾದುದು, ದುಡಿಯದೆ ಒಮ್ಮೆಲೇ ಬರುವ ಹಣದ ಕನಸು. ದೇವನಾಮದ ಹೆಸರಿನಲ್ಲೇ ಆ ಕನಸು ಮಾರಾಟವಾಗುತ್ತಿರುವುದು ಇನ್ನೂ ದುಃಖದ ಸಂಗತಿ.

ಕೊಡುಕೊಳ್ಳುವವರ ಪ್ರಾಮಾಣಿಕತೆ

ಹಾಗೆಂದು ನಾಣ್ಯದ ವ್ಯಾಪಾರವೆಲ್ಲ ಮೋಸವಲ್ಲ. ಹರಾಜು ಸಂಸ್ಥೆಗಳಿವೆ, ಪ್ರಾಮಾಣಿಕ ಸಂಗ್ರಾಹಕರಿದ್ದಾರೆ. ಆದರೆ ವಸ್ತುವಿನ ಬೆಲೆಯು ಕಣ್ಣಿಗೆ ಕಾಣುವ ಗುಣಕ್ಕಿಂತ ನಂಬಿಕೆಯ ಮೇಲೆ ಹೆಚ್ಚು ನಿಂತಿರುವಲ್ಲಿ ಪ್ರಲೋಭನೆಯೂ ಹೆಚ್ಚು.

ಮೇಲೆ ಹೇಳಿದ ವ್ಯಾಗ್ನರ್ ಕಾರ್ಡುಗಳಲ್ಲಿ ಒಂದು, ನೂರು ವರ್ಷಗಳ ನಂತರವೂ ಅಂಚುಗಳು ಮಾಸದೆ ಉಳಿದಿದೆಯೆಂದು ಬಹಳ ಹೆಸರುವಾಸಿಯಾಗಿತ್ತು. 2007ರಲ್ಲಿ ಅದು 28 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಬಿಲ್ ಮಾಸ್ಟ್ರೊ ಎಂಬ ಪ್ರಸಿದ್ಧ ಹರಾಜುದಾರನು, ಬಹಳ ಹಿಂದೆ ಆ ಕಾರ್ಡಿನ ಅಂಚುಗಳನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆನೆಂದು 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡನು. ತನ್ನ ಹರಾಜುಗಳಲ್ಲಿ ಸುಳ್ಳು ಕೂಗು ಹಾಕಿಸಿ ಬೆಲೆಯೇರಿಸಿದ ಅಪರಾಧಕ್ಕಾಗಿ 2015ರಲ್ಲಿ ಅವನಿಗೆ 20 ತಿಂಗಳ ಸೆರೆಮನೆ ವಾಸದ ಶಿಕ್ಷೆಯಾಯಿತು.

ಈ ಎರಡೂ ಅಪರಾಧಗಳು ನಮ್ಮ ಧರ್ಮಶಾಸ್ತ್ರಕ್ಕೆ ಹೊಸತಲ್ಲ. ಕೊಳ್ಳುವ ಇಚ್ಛೆಯಿಲ್ಲದೆ, ಇತರರನ್ನು ಬಲೆಗೆ ಕೆಡವಲಿಕ್ಕಾಗಿ ಬೆಲೆ ಕೂಗುವುದನ್ನು ‘ನಜಶ್’ ಎಂದು ಕರೆದು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಅವರು ಕೈಹಾಕಿ ನೋಡಿದಾಗ ಒಳಗೆ ಒದ್ದೆಯಿತ್ತು. ಒದ್ದೆಯಾದುದನ್ನು ಜನರು ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆ ನಮ್ಮ ಮಕ್ಕಳಿಗೂ ತಿಳಿದಿದೆ. ನಾಣ್ಯದ ವಿಷಯದಲ್ಲಿ ಈ ಒದ್ದೆಯ ಧಾನ್ಯಗಳು ಯಾವುವು? ಹೊಸದಾಗಿ ಎರಕ ಹೊಯ್ದು, ಮಣ್ಣಿನಲ್ಲಿ ಹೂತು ಹಳೆಯದಾಗಿಸಿದ ನಕಲಿ ನಾಣ್ಯ. ಆಭರಣದ ಕೊಂಡಿ ಬೆಸೆದಿದ್ದ ಗುರುತನ್ನು ಉಜ್ಜಿ ಮರೆಮಾಚಿದ ರೂಪಾಯಿ. ಇದು ವ್ಯಾಪಾರಿಯ ತಪ್ಪು.

ಕೊಳ್ಳುವವನ ತಪ್ಪೂ ಉಂಟು. ವಿಧವೆಯೊಬ್ಬಳು ತವರಿನಿಂದ ಬಂದ ಕಾಸುಗಳನ್ನು ಮಾರಲು ತರುತ್ತಾಳೆ. ಅದರಲ್ಲಿ ಒಂದು ಬಹಳ ಅಪರೂಪದ್ದೆಂದು ಇವನಿಗೆ ನೋಡಿದೊಡನೆ ತಿಳಿಯಿತು, ಅವಳಿಗೆ ತಿಳಿಯದು. ಇವನು ಮುಖದಲ್ಲಿ ಏನನ್ನೂ ತೋರಿಸದೆ ಎಲ್ಲವನ್ನೂ ತಾಮ್ರದ ಬೆಲೆಗೆ ತೂಗಿ ಕೊಂಡುಕೊಳ್ಳುತ್ತಾನೆ. ಮನೆಗೆ ಬಂದು ‘ಇವತ್ತು ಒಳ್ಳೆಯ ಬೇಟೆ’ ಎಂದು ಹೆಮ್ಮೆಪಡುತ್ತಾನೆ. ಅವನು ಬಾಯಿಬಿಟ್ಟು ಯಾವ ಸುಳ್ಳನ್ನೂ ಹೇಳಿಲ್ಲ. ಆದರೆ ತನ್ನ ತಾಯಿಯ ಕಾಸನ್ನು ಯಾರಾದರೂ ಹೀಗೆ ಕೊಂಡಿದ್ದರೆ ಅವನು ಸಹಿಸುತ್ತಿದ್ದನೇ? ಅರಿವು ಇಲ್ಲದವರಿಗೆ ತಿಳಿಸಿ ಹೇಳುವುದು ಅರಿವುಳ್ಳವನ ಮೇಲಿರುವ ಹಕ್ಕು. ಜ್ಞಾನವು ಅಲ್ಲಾಹನ ಕೊಡುಗೆ. ಅದನ್ನು ಬಡವಳ ಜೇಬಿಗೆ ಕತ್ತರಿ ಹಾಕಲು ಬಳಸಿದರೆ ಅದರ ವಿಚಾರಣೆ ಇಲ್ಲದೆ ಹೋಗುವುದಿಲ್ಲ.

ಮಣ್ಣಿನೊಳಗಿನ ನಾಣ್ಯ

ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ, ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ಅಲ್ಲಿ ದೊರೆಯಿತು. ಎರಡು ಸಾವಿರ ವರ್ಷಗಳ ಹಿಂದೆ ಈ ಬಂಡೆಗಳ ನಡುವಿನ ಊರಿಗೂ ಕಡಲಾಚೆಯ ರೋಮಿಗೂ ವ್ಯಾಪಾರ ಸಂಬಂಧವಿತ್ತೆಂದು ಆ ಪುಟ್ಟ ಬಿಲ್ಲೆ ಸಾಕ್ಷಿ ನುಡಿಯಿತು. ಅದು ಯಾವ ಪದರದಲ್ಲಿ, ಯಾವ ಮಡಕೆಯ ಚೂರುಗಳ ಜೊತೆ ಸಿಕ್ಕಿತೆಂದು ಬರೆದಿಟ್ಟುದರಿಂದಲೇ ಆ ಪದರಕ್ಕೆ, ಆ ಮಡಕೆಗಳಿಗೆ ಕಾಲ ನಿರ್ಣಯಿಸಲು ಸಾಧ್ಯವಾಯಿತು. ಅದೇ ನಾಣ್ಯವನ್ನು ಯಾರೋ ರಾತ್ರಿಯಲ್ಲಿ ಅಗೆದು ತೆಗೆದು ಮಾರಿದ್ದರೆ ಇಂದು ಅದು ಯಾರದೋ ಪೆಟ್ಟಿಗೆಯಲ್ಲಿ ಹೊಳೆಯುತ್ತಿತ್ತು, ಆದರೆ ಮೂಕವಾಗಿರುತ್ತಿತ್ತು. ಸಾಕ್ಷಿಯನ್ನು ಅದು ನಿಂತ ಸ್ಥಳದಿಂದ ಎಳೆದು ತಂದು ನಾಲಗೆ ಕತ್ತರಿಸಿದಂತೆ ಇದು.

ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯಗಳು ಸಿಕ್ಕರೆ ಏನು ಮಾಡಬೇಕು? ಸಿಕ್ಕ ವಸ್ತುವನ್ನು ಬಚ್ಚಿಡಬಾರದು, ಒಂದು ವರ್ಷದವರೆಗೆ ಸಾರಬೇಕು ಎಂಬುದು ಕಳೆದುಹೋದ ವಸ್ತುವಿನ ಬಗ್ಗೆ ಪ್ರವಾದಿವರ್ಯರ(ಸ) ಬೋಧನೆ. ಪ್ರಾಚೀನ ಕಾಲದ ಹೂತಿಟ್ಟ ನಿಧಿಯಲ್ಲಿ ಐದನೆಯ ಒಂದು ಪಾಲು ಸಾರ್ವಜನಿಕ ಹಕ್ಕು ಎಂದೂ ಅವರು ಕಲಿಸಿದ್ದಾರೆ. ಇದರ ಒಳತತ್ವವನ್ನು ಗಮನಿಸಿರಿ: ಭೂಮಿಯೊಳಗೆ ಸಿಕ್ಕಿದ್ದು ಸಿಕ್ಕವನೊಬ್ಬನದೇ ಅಲ್ಲ. ನಮ್ಮ ನಾಡಿನ ಕಾನೂನೂ ಹಾಗೆಯೇ ಹೇಳುತ್ತದೆ. 1962ರ ಕರ್ನಾಟಕದ ನಿಧಿ ಕಾನೂನಿನ ಪ್ರಕಾರ ಇಂತಹ ನಿಧಿ ಸಿಕ್ಕವರು ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವುದನ್ನು 1972ರ ಕೇಂದ್ರ ಕಾನೂನು ನಿಷೇಧಿಸಿದೆ. ಗಲ್ಫಿಗೆ ಹೋಗಿಬರುವ ನಮ್ಮ ಯುವಕರು ಯಾರದೋ ಮಾತಿಗೆ ಮರುಳಾಗಿ ಇಂತಹ ವಸ್ತುಗಳನ್ನು ಹೊತ್ತೊಯ್ಯದಿರುವುದು ಲೇಸು. 2016ರ ನವೆಂಬರಿನಲ್ಲಿ ರದ್ದಾದ 500 ಮತ್ತು 1000ದ ನೋಟುಗಳಿಗೂ ಮಿತಿಯಿದೆ. 2017ರ ಕಾನೂನಿನಂತೆ ಸಾಮಾನ್ಯರು 10, ಅಧ್ಯಯನಕ್ಕೋ ನಾಣ್ಯಶಾಸ್ತ್ರಕ್ಕೋ ಆದರೆ 25 ನೋಟುಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಝಕಾತ್ ಮತ್ತು ವಾರಸುದಾರರು

ಸಂಗ್ರಹವಿದ್ದಲ್ಲಿ ಹಕ್ಕುಗಳೂ ಇವೆ. 1835ರಿಂದ 1939ರವರೆಗೆ ಅಚ್ಚಾದ ಬೆಳ್ಳಿಯ ರೂಪಾಯಿಯ ತೂಕ 11.66 ಗ್ರಾಂ, ಎಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಶೇಕಡಾ 91ಕ್ಕೂ ಹೆಚ್ಚು ಬೆಳ್ಳಿಯಿದೆ. ಬೆಳ್ಳಿಯೇ ಅಧಿಕವಾಗಿರುವ ನಾಣ್ಯವನ್ನು ಹನಫಿ ವಿದ್ವಾಂಸರು ಬೆಳ್ಳಿಯೆಂದೇ ಪರಿಗಣಿಸುತ್ತಾರೆ. ಝಕಾತ್ ಕಡ್ಡಾಯವಾಗುವ ಬೆಳ್ಳಿಯ ಪ್ರಮಾಣ ಐವತ್ತೆರಡೂವರೆ ತೊಲ, 612.36 ಗ್ರಾಂ. ಹಾಗಾದರೆ ಇಂತಹ 53 ರೂಪಾಯಿಗಳನ್ನು ಗಂಟುಕಟ್ಟಿ ಇಟ್ಟವನು, ‘ಇವು ಬರೀ ಹವ್ಯಾಸಕ್ಕೆ’ ಎಂದರೂ ವರ್ಷ ತುಂಬಿದಾಗ ಝಕಾತ್ ಕೊಡಬೇಕಾದವನೇ. ಮಾರುವ ಉದ್ದೇಶದಿಂದಲೇ ಕೊಂಡ ನಾಣ್ಯ ಯಾವ ಲೋಹದ್ದಾದರೂ ವ್ಯಾಪಾರದ ಸರಕು. ಅದಕ್ಕೆ ಮಾರುಕಟ್ಟೆಯ ಬೆಲೆಯ ಮೇಲೆ ಝಕಾತ್ ಇದೆ. ಚಲಾವಣೆಯಿಲ್ಲದ ತಾಮ್ರದ ಕಾಸುಗಳನ್ನು ನೋಡುವುದಕ್ಕಾಗಿ ಮಾತ್ರ ಇಟ್ಟುಕೊಂಡರೆ ಝಕಾತ್ ಇಲ್ಲ. ಸಂಶಯವಿದ್ದರೆ ತಮ್ಮ ಊರಿನ ವಿದ್ವಾಂಸರಲ್ಲಿ ಕೇಳಬಹುದು, ಆದರೆ ಉದ್ದೇಶವೇನೆಂಬ ಪ್ರಶ್ನೆಗೆ ಸತ್ಯವನ್ನೇ ಹೇಳಬೇಕು. ಝಕಾತಿನ ದಿನ ಹವ್ಯಾಸ, ಗಿರಾಕಿ ಬಂದ ದಿನ ವ್ಯಾಪಾರ ಎಂದಾಗಬಾರದು.

ವಾರಸುದಾರರ ಹಕ್ಕು ಮತ್ತೊಂದು. ಸಂಗ್ರಾಹಕನು ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಯೊಳಗೆ ಏನಿದೆ ಎಂಬುದು ಹೆಂಡತಿಗೂ ತಿಳಿದಿರುವುದಿಲ್ಲ. ದೊಡ್ಡ ಮಗ ಬೀಗದ ಕೈ ತೆಗೆದುಕೊಂಡರೆ ಹೆಣ್ಣುಮಕ್ಕಳ ಪಾಲು ಅಲ್ಲಿಗೆ ಮುಗಿಯಿತು. ಇಲ್ಲವೇ ಯಾರಿಗೂ ಬೇಡವಾಗಿ ಎಲ್ಲವೂ ಅಕ್ಕಸಾಲಿಯ ಮೂಸೆಗೆ ಬೀಳುತ್ತದೆ. ಆದ್ದರಿಂದ ಒಂದು ನೋಟ್ ಪುಸ್ತಕದಲ್ಲಿ ಯಾವ ನಾಣ್ಯ, ಎಲ್ಲಿ ಸಿಕ್ಕಿತು, ಯಾರಿಂದ ಬಂತು, ಎಷ್ಟು ಕೊಟ್ಟೆ ಎಂದು ಬರೆದಿಡುವುದು ಒಳ್ಳೆಯದು. ಅದು ನಾಣ್ಯದ ಚರಿತ್ರೆಯೂ ಹೌದು, ಮಕ್ಕಳ ಹಕ್ಕಿನ ದಾಖಲೆಯೂ ಹೌದು. ಹಾಗೆಯೇ ಹಳೆಯ ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿರೆಂದು ಮನೆಯವರಿಗೆ ತಿಳಿಸಿರಿ. ಹೊಳಪಿನ ಜೊತೆಗೆ ಅಕ್ಷರಗಳೂ ಹೋಗುತ್ತವೆ.

ಒಂದು ಆಕ್ಷೇಪ

‘ನೆರೆಯಲ್ಲಿ ಹಸಿದವರಿರುವಾಗ ಒಂದು ಕಾಸಿಗೆ ಸಾವಿರ ರೂಪಾಯಿ ಕೊಡುವುದು ಸರಿಯೇ?’ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಂಗಳದ ಗುಲಾಬಿ ಗಿಡ, ಗೋಡೆಯ ಸುಂದರ ಬರಹ, ಹಬ್ಬದ ಅತ್ತರು ಇವೂ ಹಸಿವನ್ನು ನೀಗಿಸುವುದಿಲ್ಲ. ಅವೆಲ್ಲವನ್ನೂ ತೊರೆಯಬೇಕೆಂದು ಇಸ್ಲಾಮ್ ಹೇಳಿಲ್ಲ. ಆದರೆ ಸರದಿಯೊಂದಿದೆ. ಮನೆಯವರ ಅಗತ್ಯ, ಸಾಲ, ಝಕಾತ್, ನೆರೆಯವನ ಹಸಿವು ಇವು ಮೊದಲು. ಅವುಗಳನ್ನು ಪೂರೈಸಿ ಉಳಿದುದರಲ್ಲಿ ಮಿತವಾಗಿ ಖರ್ಚು ಮಾಡುವವನನ್ನು ಆಕ್ಷೇಪಿಸಬೇಕಾಗಿಲ್ಲ. ಮಗಳ ಕಾಲೇಜಿನ ಶುಲ್ಕವನ್ನು ಮುಂದೂಡಿ ನಾಣ್ಯ ಕೊಳ್ಳುವವನು ಮಾತ್ರ ತನ್ನ ಪೆಟ್ಟಿಗೆಗೆ ತಾನೇ ಆಳಾಗಿದ್ದಾನೆ. ಸಂಪತ್ತನ್ನು ಕೂಡಿಟ್ಟು ಮತ್ತೆ ಮತ್ತೆ ಎಣಿಸುತ್ತಾ, ಅದೇ ತನ್ನನ್ನು ಶಾಶ್ವತವಾಗಿಸುವುದೆಂದು ಭ್ರಮಿಸುವವನ ಚಿತ್ರವನ್ನು ಪವಿತ್ರ ಕುರ್‌ಆನಿನ ಅಲ್ ಹುಮಝ ಅಧ್ಯಾಯವು ನಮ್ಮ ಮುಂದಿಟ್ಟಿದೆ. ಹಳೆಯ ನಾಣ್ಯಗಳೇ ಆ ಭ್ರಮೆಗೆ ತಕ್ಕ ಉತ್ತರ. ಅವುಗಳನ್ನು ಅಚ್ಚು ಹಾಕಿಸಿದ ಅರಸರೆಲ್ಲ ಹೋದರು. ಅವುಗಳನ್ನು ಗಂಟುಕಟ್ಟಿ ಹೂತಿಟ್ಟವರು ತೆಗೆಯಲು ಮರಳಿ ಬರಲಿಲ್ಲ.

ಮಕ್ಕಳಿಗೆ ನಾಣ್ಯ ಕೂಡಿಡುವ ಆಸಕ್ತಿಯಿದ್ದರೆ ಗದರಿಸಬೇಡಿರಿ. ಚಿತ್ರದುರ್ಗದ ರಂಗಯ್ಯನ ಬಾಗಿಲಿನ ಬಳಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಚಂದ್ರವಳ್ಳಿಗೂ ಅವರನ್ನು ಕರೆದುಕೊಂಡು ಹೋಗಿರಿ. ಮನೆಯಲ್ಲಿ ಆನೆ ಪೈಸೆಯಿದ್ದರೆ ಅದರ ಮೇಲಿನ ಅಕ್ಷರ ಓದಲು ಕಲಿಸಿರಿ. ಅದರ ಬೆಲೆಯೆಷ್ಟೆಂದು ಮಗು ಕೇಳಿದಾಗ, ಅದು ಏನನ್ನು ಹೇಳುತ್ತದೆಂದು ಮೊದಲು ತಿಳಿಸಿರಿ. ನೆರೆಮನೆಯ ಮಗುವನ್ನೂ ಕರೆದು, ಮನೆ ಯಾರದ್ದೇ ಆಗಿರಲಿ, ಅದರ ಕೈಯಲ್ಲೂ ಆ ಕಾಸನ್ನು ಇಡಿಸಿರಿ. ಈ ಕೋಟೆಯ ಚರಿತ್ರೆಯಲ್ಲಿ ಆ ಮಗುವಿಗೂ ಪಾಲಿದೆ. ತನ್ನಲ್ಲಿರುವುದನ್ನು ಇನ್ನೊಬ್ಬರಿಗೆ ತೋರಿಸಿ, ಅವರಲ್ಲಿಯೂ ಇದ್ದರೆ ಸಂತೋಷಪಡುವುದನ್ನು ಚಿಕ್ಕಂದಿನಲ್ಲೇ ಕಲಿತ ಮಗು, ಮುಂದೆ ದೊಡ್ಡ ಸಂಪತ್ತು ಕೈಗೆ ಬಂದಾಗಲೂ ಅದನ್ನು ಮುಷ್ಟಿ ಬಿಗಿದು ಹಿಡಿಯಲಾರದು. ಅಲ್ಲಾಹನು ನಮ್ಮ ಮನೆಗಳಿಗೆ ಅಂತಹ ಮಕ್ಕಳನ್ನು ಕರುಣಿಸಲಿ.